ಮರೆಯಲ್ಲಿ ಉಳಿದ ಪೋಲಿಷ್ ಫ್ಯೂಷನ್ ಸ್ಯಾಕ್ಸೋಫೋನ್ ಆಲ್ಬಮ್‌ಗಳನ್ನು ಹುಡುಕಿ ಕೇಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಪೋಲೆಂಡಿನ ಜಾಝ್ ಎಂದರೆ ಹೊರಗಿನ ಕೇಳುಗರಿಗೆ ಮೊದಲು ನೆನಪಾಗುವವರು ಪಿಯಾನೊ ವಾದಕ ಕ್ಷಿಸ್ಟೋಫ್ ಕೊಮೆಡಾ ಮತ್ತು ಟ್ರಂಪೆಟ್ ವಾದಕ ಟೊಮಾಶ್ ಸ್ಟಾಂಕೊ. ಕೊಮೆಡಾ ಅವರನ್ನು ಜಗತ್ತಿಗೆ ತಲುಪಿಸಿದ್ದು ರೋಮನ್ ಪೋಲನ್‌ಸ್ಕಿಯ ಚಿತ್ರಗಳು, ಸ್ಟಾಂಕೊ ಅವರನ್ನು ತಲುಪಿಸಿದ್ದು ಜರ್ಮನಿಯ ಇಸಿಎಂ ಸಂಸ್ಥೆ. ಜಾಝನ್ನು ರಾಕ್, ಫಂಕ್‌ಗಳೊಡನೆ ಬೆರೆಸುವ ಫ್ಯೂಷನ್ ಎಂಬ ಮಾತು ಬಂದರೆ ಪಿಟೀಲು ವಾದಕರಾದ ಮಿಹಾವ್ ಉರ್ಬಾನ್ಯಾಕ್ ಮತ್ತು ಜ್ಬಿಗ್ನಿಯೆವ್ ಸೈಫರ್ಟ್ ಅವರ ಹೆಸರು ಬರುತ್ತದೆ. ಆದರೆ ಉರ್ಬಾನ್ಯಾಕ್ ಮತ್ತು ಸೈಫರ್ಟ್ ಇಬ್ಬರೂ ಜಾಝ್ ವೇದಿಕೆಯಲ್ಲಿ ಮೊದಲು ಹೆಸರು ಮಾಡಿದ್ದು ಸ್ಯಾಕ್ಸೋಫೋನ್ ಹಿಡಿದು. ಸ್ಟಾಂಕೊ ಪಂಚಕದ 1970ರ ‘ಮ್ಯೂಸಿಕ್ ಫಾರ್ ಕೆ’ ಆಲ್ಬಮ್‌ನಲ್ಲಿ ಸೈಫರ್ಟ್ ನುಡಿಸಿರುವುದು ಆಲ್ಟೊ ಸ್ಯಾಕ್ಸೋಫೋನ್. ಮುಂದೆ ಇವರಿಬ್ಬರೂ ಪಿಟೀಲಿಗೆ ಹೊರಳಿ ವಿದೇಶದಲ್ಲಿ ಪ್ರಸಿದ್ಧರಾದ ಮೇಲೆ ಪೋಲಿಷ್ ಫ್ಯೂಷನ್ ಎಂದರೆ ಪಿಟೀಲು ಎಂಬ ಭಾವನೆ ಬೇರೂರಿತು. ಸ್ಯಾಕ್ಸೋಫೋನನ್ನು ಬಿಡದೆ ಹಿಡಿದುಕೊಂಡು ಪೋಲೆಂಡಿನಲ್ಲಿಯೇ ಉಳಿದವರ ಧ್ವನಿಮುದ್ರಣಗಳು ಮಾತ್ರ ಹಿಂದಿನ ಸಾಲಿಗೆ ಸರಿದವು.

ಈ ಮಾರ್ಗದರ್ಶಿ ಇಡಿಯಾಗಿ ಒಂದೇ ನಂಬಿಕೆಯ ಮೇಲೆ ನಿಂತಿದೆ. ಈ ಸಂಗೀತವನ್ನು ಮುಖಪುಟದ ಹೆಸರು ನೋಡಿ ಹುಡುಕಿದರೆ ಅರ್ಧವೂ ಸಿಗುವುದಿಲ್ಲ. ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿರುವ ವಾದಕರ ಪಟ್ಟಿಯನ್ನು ಓದಿಕೊಂಡು ಹೋಗಬೇಕು. ಪೋಲೆಂಡಿನ ಫ್ಯೂಷನ್ ತಂಡಗಳನ್ನು ಹೆಚ್ಚಾಗಿ ಕೀಬೋರ್ಡ್ ಅಥವಾ ಗಿಟಾರ್ ವಾದಕರು ಕಟ್ಟಿದರು. ಸ್ಯಾಕ್ಸೋಫೋನ್ ವಾದಕ ಆ ತಂಡಗಳ ಮುಖ್ಯ ದನಿಯಾಗಿದ್ದರೂ ಹೆಸರು ನಾಯಕನದೋ ತಂಡದ್ದೋ ಆಗಿರುತ್ತಿತ್ತು.

ಮೊದಲ ಹೆಜ್ಜೆ: ಕ್ಷೇತ್ರದ ಗಡಿ ತಿಳಿದುಕೊಳ್ಳಿ

ಹುಡುಕಾಟದ ಕಾಲಾವಧಿಯನ್ನು ಸ್ಥೂಲವಾಗಿ 1970ರಿಂದ 1985ರವರೆಗೆ ಎಂದು ಇಟ್ಟುಕೊಳ್ಳಿ. ಅದಕ್ಕೆ ಹಿಂದಿನದು ಬಹುಪಾಲು ವಿದ್ಯುತ್ ವಾದ್ಯಗಳಿಲ್ಲದ ಆಧುನಿಕ ಜಾಝ್. ಅದರ ಮುಂದಿನದರಲ್ಲಿ ಸಿಂಥಸೈಜರ್ ಮತ್ತು ಡ್ರಮ್ ಯಂತ್ರಗಳ ಹೊಳಪು ಹೆಚ್ಚಿ ಸ್ಯಾಕ್ಸೋಫೋನ್ ಬರೀ ಅಲಂಕಾರವಾಗುತ್ತ ಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಆ ಕಾಲದ ಪೋಲೆಂಡಿನಲ್ಲಿ ಧ್ವನಿಮುದ್ರಿಕೆ ಹೊರತರುವುದು ಪ್ರಧಾನವಾಗಿ ಸರ್ಕಾರಿ ಕೆಲಸ. ಪೊಲ್‌ಸ್ಕ್ಯೆ ನಗ್ರಾನ್ಯಾ ಎಂಬ ಸರ್ಕಾರಿ ಸಂಸ್ಥೆ ಮೂಜಾ ಎಂಬ ಮುದ್ರೆಯಡಿ ತಟ್ಟೆಗಳನ್ನು ಹೊರತರುತ್ತಿತ್ತು. ಇದೇ ಸಂಸ್ಥೆ 1965ರಲ್ಲಿ ‘ಪೋಲಿಷ್ ಜಾಝ್’ ಎಂಬ ಹೆಸರಿನ ಮಾಲಿಕೆಯನ್ನು ಆರಂಭಿಸಿ 1989ರವರೆಗೆ 76 ಸಂಪುಟಗಳನ್ನು ಪ್ರಕಟಿಸಿತು. ಸಂಸ್ಥೆಯು ಮುಂದೆ ದಿವಾಳಿಯಾಗಿ 2015ರಲ್ಲಿ ಅದರ ಭಂಡಾರ ವಾರ್ನರ್ ಮ್ಯೂಸಿಕ್ ಪೋಲೆಂಡಿನ ಕೈಸೇರಿತು. ಮರುವರ್ಷವೇ ಮಾಲಿಕೆಗೆ ಮರುಜೀವ ಬಂತು. 77ನೆಯ ಸಂಪುಟ ಜ್ಬಿಗ್ನಿಯೆವ್ ನಮಿಸ್ವೊಫ್‌ಸ್ಕಿ ಅವರದು. ಆಲ್ಟೊ ಸ್ಯಾಕ್ಸೋಫೋನ್ ವಾದಕರೊಬ್ಬರಿಂದಲೇ ಮಾಲಿಕೆ ಮತ್ತೆ ಶುರುವಾದದ್ದು ತಕ್ಕುದಾಗಿತ್ತು, ಏಕೆಂದರೆ 1966ರ ಐದನೆಯ ಸಂಪುಟವಾದ ಕೊಮೆಡಾ ಅವರ ‘ಆಸ್ಟಿಗ್ಮ್ಯಾಟಿಕ್’ನಲ್ಲಿ ಆಲ್ಟೊ ನುಡಿಸಿದವರೂ ಅವರೇ, ಅದರ ಬೆನ್ನಿಗೇ ಬಂದ ಆರನೆಯ ಸಂಪುಟದ ನಾಯಕರೂ ಅವರೇ.

ಈ ಹಿನ್ನೆಲೆಯಿಂದ ಹುಡುಕುವವನಿಗೆ ಒಂದು ಅನುಕೂಲವಿದೆ. ಅಮೆರಿಕದಂತೆ ನೂರಾರು ಕಂಪನಿಗಳ ಕಗ್ಗಾಡಿನಲ್ಲಿ ಅಲೆಯಬೇಕಿಲ್ಲ. ನಾಲ್ಕಾರು ಮುದ್ರೆಗಳನ್ನು ಗುರುತಿಟ್ಟುಕೊಂಡರೆ ಕ್ಷೇತ್ರದ ದೊಡ್ಡ ಭಾಗ ಕೈಗೆ ಸಿಗುತ್ತದೆ. ಮೂಜಾ ಮೊದಲನೆಯದು. ಪೋಲಿಷ್ ಜಾಝ್ ಸಂಘದ ಪೊಲ್‌ಜ್ಯಾಝ್ ಮುದ್ರೆ ಮತ್ತು ಅದರ ಧ್ವನಿಮುದ್ರಿಕಾ ಕ್ಲಬ್ಬಿನ ತಟ್ಟೆಗಳು ಎರಡನೆಯದು. ಪ್ರೊನಿತ್, ಹೆಲಿಕಾನ್, ವೆರಿಟಾನ್, ಟಾನ್‌ಪ್ರೆಸ್ ಮುಂತಾದವು ಆಮೇಲಿನವು.

ಎರಡನೆಯ ಹೆಜ್ಜೆ: ಮಾಲಿಕೆಯಿಂದ ಆರಂಭಿಸಿ, ಆದರೆ ಸಂಖ್ಯೆಯ ಕ್ರಮದಲ್ಲಿ ಬೇಡ

‘ಪೋಲಿಷ್ ಜಾಝ್’ ಮಾಲಿಕೆಯನ್ನು ಒಂದರಿಂದ ಎಪ್ಪತ್ತಾರರವರೆಗೆ ಕೇಳಿಕೊಂಡು ಹೋಗುವ ಉತ್ಸಾಹ ಹಲವರಿಗೆ ಬರುತ್ತದೆ. ಫ್ಯೂಷನ್ ಹುಡುಕುವವರಿಗೆ ಅದು ದಂಡ. ಮೊದಲ ಸಂಪುಟಗಳಲ್ಲಿ ಸಾಂಪ್ರದಾಯಿಕ ಡಿಕ್ಸಿಲ್ಯಾಂಡ್ ಶೈಲಿಯದೂ ಇದೆ, ನಡುವೆ ಗಾಯನದ್ದೂ ಇದೆ. ಅದರ ಬದಲು ಎಪ್ಪತ್ತರ ದಶಕದ ನಾಲ್ಕು ಸಂಪುಟಗಳನ್ನು ಮೊದಲು ಆರಿಸಿಕೊಳ್ಳಿ.

ಮೊದಲನೆಯದು 33ನೆಯ ಸಂಪುಟ, ನಮಿಸ್ವೊಫ್‌ಸ್ಕಿ ಅವರ ‘ವಿನೊಬ್ರಾನ್ಯೆ’ (1973). ಇದನ್ನು ಕಟ್ಟುನಿಟ್ಟಾಗಿ ಫ್ಯೂಷನ್ ಎನ್ನಲಾಗದು. ವಾದ್ಯಗಳು ಬಹುಪಾಲು ಸಹಜ ನಾದದವು, ನಾಯಕರೇ ಆಲ್ಟೊದ ಜೊತೆಗೆ ಚೆಲ್ಲೊ ಕೂಡ ನುಡಿಸುತ್ತಾರೆ. ಆದರೂ ಇಲ್ಲಿಂದಲೇ ಆರಂಭಿಸಬೇಕು, ಏಕೆಂದರೆ ಮುಂದಿನ ಫ್ಯೂಷನ್ನಿನ ಬೀಜಗಳೆಲ್ಲ, ಅಂದರೆ ಜಾನಪದ ಧಾಟಿ, ಬೆಸ ಎಣಿಕೆಯ ತಾಳ ಮತ್ತು ಎರಡು ಊದುವಾದ್ಯಗಳ ಜಗಳದಂಥ ಸಂವಾದ, ಇದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತವೆ. ‘ತಾಜ್ ಮಹಲ್’ ಎಂಬ ರಚನೆಯೂ ಈ ತಟ್ಟೆಯಲ್ಲಿದೆ.

ಎರಡನೆಯದು 46ನೆಯ ಸಂಪುಟ, ಅದೇ ನಮಿಸ್ವೊಫ್‌ಸ್ಕಿ ಪಂಚಕದ ‘ಕುಯಾವ್ಯಾಕ್ ಗೋಸ್ ಫಂಕಿ’ (1975). ವಿನೊಬ್ರಾನ್ಯೆಯ ಎರಡೇ ವರ್ಷಗಳ ನಂತರ ಬಂದ ಈ ತಟ್ಟೆಯಲ್ಲಿ ವೊಯ್ಚೆಖ್ ಕರೋಲಾಕ್ ಅವರ ಕೀಬೋರ್ಡ್ ಸೇರಿ ನೆಲವೇ ಬದಲಾಗಿದೆ. ಆಲ್ಟೊದ ಎದುರು ಟೊಮಾಶ್ ಶುಕಾಲ್‌ಸ್ಕಿ ಅವರ ಟೆನರ್ (ಆಲ್ಟೊಗಿಂತ ತಗ್ಗಿನ ದನಿಯ ಸ್ಯಾಕ್ಸೋಫೋನ್), ಪಾವೆವ್ ಯಜೆಂಬ್‌ಸ್ಕಿ ಅವರ ಬಾಸ್, ಚೆಸ್ವಾವ್ ಬಾರ್ಟ್‌ಕೊಫ್‌ಸ್ಕಿ ಅವರ ಡ್ರಮ್.

ಮೂರನೆಯದು ಮತ್ತು ನಾಲ್ಕನೆಯದು ಎರಡೂ 1976ರವು, ಎರಡೂ ಕ್ರಾಕುಫ್ ನಗರದ ತಂಡಗಳವು, ಮತ್ತು ಸಂಖ್ಯೆಯಲ್ಲಿಯೂ ಒಂದರ ಪಕ್ಕ ಒಂದು. 48ನೆಯ ಸಂಪುಟ ಎಕ್ಸ್‌ಟ್ರಾ ಬಾಲ್ ತಂಡದ ‘ಬರ್ತ್‌ಡೇ’. 49ನೆಯದು ಲ್ಯಾಬೊರೇಟೋರಿಯಂ ತಂಡದ ‘ಮಾಡರ್ನ್ ಪೆಂಟಾಥ್ಲಾನ್’. ಎಕ್ಸ್‌ಟ್ರಾ ಬಾಲ್ ಅನ್ನು ಕಟ್ಟಿದವರು ಗಿಟಾರ್ ವಾದಕ ಯಾರೊಸ್ವಾವ್ ಶ್ಮ್ಯೆತಾನಾ, ಆದರೆ ‘ಬರ್ತ್‌ಡೇ’ಯ ಉಸಿರು ಇರುವುದು ಆಂದ್ಜೆಯ್ ಓಲೆಯ್ನಿಚಾಕ್ ಅವರ ಟೆನರ್ ಮತ್ತು ಸೊಪ್ರಾನೊ ಸ್ಯಾಕ್ಸೋಫೋನುಗಳಲ್ಲಿ. ಲ್ಯಾಬೊರೇಟೋರಿಯಂ ಕೀಬೋರ್ಡ್ ವಾದಕ ಯಾನುಷ್ ಗ್ಷಿವಾಚ್ ಅವರ ತಂಡ. ಅಲ್ಲಿ ಮಾರೆಕ್ ಸ್ತ್ರಿಶೊಫ್‌ಸ್ಕಿ ಆಲ್ಟೊ ನುಡಿಸುವುದರ ಜೊತೆಗೆ ಪದಗಳಿಲ್ಲದ ಹಾಡನ್ನೂ ಹಾಡುತ್ತಾರೆ. ಬಾಯಿಯ ದನಿ ಎಲ್ಲಿ ಮುಗಿದು ವಾದ್ಯದ ದನಿ ಎಲ್ಲಿ ಶುರುವಾಯಿತು ಎಂದು ಹುಡುಕುವಂತಾಗುತ್ತದೆ. ಇವೆರಡನ್ನು ಒಂದೇ ಸಂಜೆ ಒಂದರ ಹಿಂದೊಂದು ಕೇಳಿದರೆ ಒಂದೇ ಊರಿನಲ್ಲಿ ಒಂದೇ ವರ್ಷ ಫ್ಯೂಷನ್ನಿಗೆ ಎಷ್ಟು ಬೇರೆ ಬೇರೆ ಅರ್ಥಗಳಿದ್ದವು ಎಂಬುದು ತಿಳಿಯುತ್ತದೆ. ಮೊದಲನೆಯದು ಚುರುಕಾಗಿ, ಅಚ್ಚುಕಟ್ಟಾಗಿ ಹೆಣೆದ ಸಂಗೀತ. ಎರಡನೆಯದು ಬಣ್ಣ ಮತ್ತು ಹಾಸ್ಯಗಳ ಕಡೆಗೆ ವಾಲಿದ್ದು.

ಮೂರನೆಯ ಹೆಜ್ಜೆ: ಒಬ್ಬ ವಾದಕನ ಬೆನ್ನು ಹತ್ತಿ

ಹುಡುಕಾಟದ ನಿಜವಾದ ಫಲ ಸಿಗುವುದು ಈ ಹಂತದಲ್ಲಿ. ಮೇಲಿನ ನಾಲ್ಕು ತಟ್ಟೆಗಳಲ್ಲಿ ಯಾರ ದನಿ ನಿಮ್ಮ ಕಿವಿಯಲ್ಲಿ ಉಳಿಯಿತೋ ಅವರ ಹೆಸರನ್ನು ಬರೆದುಕೊಂಡು, ಅವರು ಸಹವಾದಕರಾಗಿ ಭಾಗವಹಿಸಿದ ಧ್ವನಿಮುದ್ರಣಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿಕೊಳ್ಳಿ. ಡಿಸ್ಕಾಗ್ಸ್‌ನಂಥ ಅಂತರಜಾಲದ ಧ್ವನಿಮುದ್ರಿಕಾ ಭಂಡಾರದಲ್ಲಿ ಪ್ರತಿಯೊಬ್ಬ ಕಲಾವಿದರ ಪುಟದಲ್ಲಿಯೂ ಅವರ ಸ್ವಂತ ಆಲ್ಬಮ್‌ಗಳ ಕೆಳಗೆ ‘ವಾದ್ಯ ಮತ್ತು ಪ್ರದರ್ಶನ’ ಎಂಬ ಪ್ರತ್ಯೇಕ ವಿಭಾಗವಿರುತ್ತದೆ. ಹೆಚ್ಚಿನವರು ಮೇಲಿನ ಪಟ್ಟಿಯನ್ನು ನೋಡಿ ಪುಟ ಮುಚ್ಚಿಬಿಡುತ್ತಾರೆ. ನಿಮಗೆ ಬೇಕಾದದ್ದು ಕೆಳಗಿನದು.

ಉದಾಹರಣೆಗೆ ಟೊಮಾಶ್ ಶುಕಾಲ್‌ಸ್ಕಿ (1947–2012) ಅವರನ್ನು ತೆಗೆದುಕೊಳ್ಳೋಣ. ಸಹಕಲಾವಿದರು ಅವರನ್ನು ‘ಶಕಾಲ್’ ಎಂದು ಕರೆಯುತ್ತಿದ್ದರು, ಎಂದರೆ ನರಿ. ಸ್ವಂತ ಹೆಸರಿನಲ್ಲಿ ಅವರ ಆಲ್ಬಮ್‌ಗಳು ಕೆಲವೇ ಕೆಲವು. ಹಾಗಾಗಿ ಹೆಸರಿನಿಂದ ಹುಡುಕುವವರಿಗೆ ಅವರು ಸಣ್ಣ ಕಲಾವಿದರಂತೆ ಕಾಣುತ್ತಾರೆ. ಈಗ ವಾದಕರ ಪಟ್ಟಿಯ ದಾರಿ ಹಿಡಿಯಿರಿ. 1973ರ ‘ವಿನೊಬ್ರಾನ್ಯೆ’ಯಲ್ಲಿ ಅವರು ಟೆನರ್ ಜೊತೆಗೆ ಬಾಸ್ ಕ್ಲಾರಿನೆಟ್ ನುಡಿಸಿದ್ದಾರೆ. 1974ರಲ್ಲಿ ಸ್ಟಾಂಕೊ, ಬಾಸ್ ವಾದಕ ಪೀಟರ್ ವಾರೆನ್ ಮತ್ತು ಫಿನ್ಲೆಂಡಿನ ಡ್ರಮ್ ವಾದಕ ಎಡ್ವರ್ಡ್ ವೆಸಾಲಾ ಅವರೊಡನೆ ‘ಟ್ವೆಟ್’ ಬರುತ್ತದೆ. ಇದು ಪೂರ್ವನಿಯೋಜಿತ ಸ್ವರಗಳ ಹಂಗಿಲ್ಲದ, ಮುಕ್ತ ಮನೋಧರ್ಮದ ಸಂಗೀತ, 39ನೆಯ ಸಂಪುಟ. 1975ರಲ್ಲಿ ‘ಕುಯಾವ್ಯಾಕ್’ನ ಫಂಕ್. 1976ರಲ್ಲಿ ಮತ್ತೆ ಸ್ಟಾಂಕೊ ಅವರ ‘ಬಲ್ಲಾದಿನಾ’, ಈ ಬಾರಿ ಇಸಿಎಂ ಸಂಸ್ಥೆಗೆ, ಬಾಸ್‌ನಲ್ಲಿ ಡೇವ್ ಹಾಲೆಂಡ್. ಎಂಬತ್ತರ ದಶಕದ ನಡುಭಾಗದಲ್ಲಿ ಕರೋಲಾಕ್ ಮತ್ತು ಬಾರ್ಟ್‌ಕೊಫ್‌ಸ್ಕಿ ಅವರೊಡನೆ ಮೂವರ ‘ಟೈಮ್ ಕಿಲ್ಲರ್ಸ್’.

ಈ ಐದು ತಟ್ಟೆಗಳಲ್ಲಿ ಜಾನಪದ, ಮುಕ್ತ ಜಾಝ್, ಫಂಕ್, ಉತ್ತರ ಯೂರೋಪಿನ ತಣ್ಣನೆಯ ಗಾಂಭೀರ್ಯ ಮತ್ತು ಕೀಬೋರ್ಡ್ ಚಾಲಿತ ಗ್ರೂವ್ ಎಲ್ಲವೂ ಇದೆ; ಟೆನರ್ ಮಾತ್ರ ಒಬ್ಬರದೇ. ‘ಕುಯಾವ್ಯಾಕ್’ ಮತ್ತು ‘ಟೈಮ್ ಕಿಲ್ಲರ್ಸ್’ ಎರಡರಲ್ಲಿಯೂ ಶುಕಾಲ್‌ಸ್ಕಿ, ಕರೋಲಾಕ್, ಬಾರ್ಟ್‌ಕೊಫ್‌ಸ್ಕಿ ಮೂವರೂ ಇರುವುದನ್ನು ಗಮನಿಸಿ. ಸುಮಾರು ಹತ್ತು ವರ್ಷಗಳ ಅಂತರದಲ್ಲಿ ಅದೇ ಮೂವರು, ಆದರೆ ಬಾಸ್ ವಾದಕನೂ ಆಲ್ಟೊವೂ ಇಲ್ಲದೆ. ಎರಡನ್ನೂ ಹೋಲಿಸಿ ಕೇಳಿದಾಗ ಶುಕಾಲ್‌ಸ್ಕಿ ಎಷ್ಟು ಜಾಗವನ್ನು ತುಂಬಬಲ್ಲರು, ಎಷ್ಟು ಜಾಗವನ್ನು ಬೇಕೆಂದೇ ಖಾಲಿ ಬಿಡುತ್ತಾರೆ ಎಂಬುದು ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದಲ್ಲಿ ಅತಿ ಹೆಚ್ಚು ಕಡೆಗಣನೆಗೆ ಒಳಗಾದ ಸ್ಯಾಕ್ಸೋಫೋನ್ ದನಿ ಇದೇ.

ಇದೇ ವಿಧಾನವನ್ನು ಓಲೆಯ್ನಿಚಾಕ್ ಅವರಿಗೆ ಅನ್ವಯಿಸಿದರೆ ‘ಬರ್ತ್‌ಡೇ’ಯಿಂದ ಪಿಟೀಲು ವಾದಕ ಕ್ಷೆಶಿಮಿರ್ ಡೆಂಪ್‌ಸ್ಕಿ ಅವರ ಸ್ಟ್ರಿಂಗ್ ಕನೆಕ್ಷನ್ ತಂಡಕ್ಕೆ, ಅದರ 1982ರ ‘ವರ್ಕೋಹಾಲಿಕ್’ಗೆ ಬರುತ್ತೀರಿ. ಓಲೆಯ್ನಿಚಾಕ್ ಮುಂದೆ ಸ್ಪೇನಿನಲ್ಲಿ ನೆಲೆಸಿದರು. ಅವರ ಹೆಸರು ಪೋಲೆಂಡಿನ ಹೊರಗೆ ಕಡಿಮೆ ಕೇಳಿಬರುವುದಕ್ಕೂ, ಪೋಲೆಂಡಿನಲ್ಲಿಯೇ ನಡುವೆ ಮಸುಕಾದದ್ದಕ್ಕೂ ಅದೊಂದು ಕಾರಣವಿರಬಹುದು. ಸ್ಯಾಕ್ಸೋಫೋನ್ ಬಿಟ್ಟು ಬಾಸ್ ಗಿಟಾರಿನ ಬೆನ್ನು ಹತ್ತಿದರೂ ದಾರಿ ಸಿಗುತ್ತದೆ. ಲ್ಯಾಬೊರೇಟೋರಿಯಂನಲ್ಲಿದ್ದ ಕ್ಷಿಸ್ಟೋಫ್ ಶ್ಚೆರಾನ್‌ಸ್ಕಿ ಅವರನ್ನು ಹಿಂಬಾಲಿಸಿದರೆ ಸ್ಟ್ರಿಂಗ್ ಕನೆಕ್ಷನ್ ಕೂಡ ಬರುತ್ತದೆ, ನಮಿಸ್ವೊಫ್‌ಸ್ಕಿ ಅವರ ಏರ್ ಕಂಡಿಷನ್ ತಂಡವೂ ಬರುತ್ತದೆ. ಆ ತಂಡದ ‘ಫಾಲೋ ಯುವರ್ ಕೈಟ್’ (1980) ನಮಿಸ್ವೊಫ್‌ಸ್ಕಿ ಪೂರ್ತಿಯಾಗಿ ವಿದ್ಯುತ್ ವಾದ್ಯಗಳ ನಡುವೆ ನಿಂತು ನುಡಿಸಿದ ತಟ್ಟೆ. ‘ವಿನೊಬ್ರಾನ್ಯೆ’ಯನ್ನು ಮೆಚ್ಚಿದವರಲ್ಲಿ ಹಲವರು ಇದನ್ನು ತಾತ್ಸಾರ ಮಾಡುತ್ತಾರೆ. ಅದು ಸರಿಯಲ್ಲ.

ನಾಲ್ಕನೆಯ ಹೆಜ್ಜೆ: ಜಾಝ್ ಕಪಾಟಿನ ಹೊರಗೂ ನೋಡಿ

ಆ ಕಾಲದ ಪೋಲೆಂಡಿನಲ್ಲಿ ಜಾಝ್ ವಾದಕರು ರಾಕ್ ತಂಡಗಳ ತಟ್ಟೆಗಳಲ್ಲಿಯೂ ಧಾರಾಳವಾಗಿ ನುಡಿಸುತ್ತಿದ್ದರು. ಗಾಯಕ ಚೆಸ್ವಾವ್ ನ್ಯೆಮೆನ್ ಅವರ 1970ರ ‘ಎನಿಗ್ಮ್ಯಾಟಿಕ್’ನಲ್ಲಿ ನಮಿಸ್ವೊಫ್‌ಸ್ಕಿ ಅವರ ಆಲ್ಟೊ ಇದೆ. ಬ್ರೇಕೌಟ್ ತಂಡದ ಮೊದಲ ತಟ್ಟೆಯಲ್ಲಿ (1969) ವ್ವೊಜಿಮ್ಯೆಶ್ ನಹೊರ್ನಿ ಸ್ಯಾಕ್ಸೋಫೋನ್ ಮತ್ತು ಕೊಳಲು ನುಡಿಸಿದ್ದಾರೆ. ಕ್ರಾಕುಫ್‌ನ ಡ್ಜಾಂಬ್ಲೆ ತಂಡದ 1971ರ ಏಕೈಕ ಆಲ್ಬಮ್‌ನಲ್ಲಿ ಅಂದ್ಜೆಯ್ ಜೌಹಾ ಅವರ ಗಾಯನದ ಹಿಂದೆ ಸ್ಟಾಂಕೊ, ಸೈಫರ್ಟ್, ಉರ್ಬಾನ್ಯಾಕ್ ಮತ್ತು ಯಾನುಷ್ ಮುನ್ಯಾಕ್ ಅತಿಥಿಗಳಾಗಿ ಸೇರಿದ್ದಾರೆ. ಅಷ್ಟು ಜನ ಒಂದೇ ಹಾಡುಗಾರಿಕೆಯ ತಟ್ಟೆಯಲ್ಲಿ ಸಿಗುವುದು ಅಪರೂಪ. ಇವು ಅಂಗಡಿಗಳಲ್ಲಿ ರಾಕ್ ಅಥವಾ ಪಾಪ್ ವಿಭಾಗದಲ್ಲಿರುತ್ತವೆ, ಆದ್ದರಿಂದ ಜಾಝ್ ಎಂದು ಸೋಸಿ ಹುಡುಕಿದರೆ ಬರುವುದೇ ಇಲ್ಲ.

ಈ ಮುನ್ಯಾಕ್ (1941–2016) ಅವರ ಟೆನರ್ ಕೂಡ ಹಿಂಬಾಲಿಸಲು ಯೋಗ್ಯವಾದದ್ದು. ‘ಮ್ಯೂಸಿಕ್ ಫಾರ್ ಕೆ’ಯಲ್ಲಿ ಅವರಿದ್ದಾರೆ, 1978ರಲ್ಲಿ ಬಂದ ‘ಕ್ವೆಶ್ಚನ್ ಮಾರ್ಕ್’ ಅವರದೇ ನಾಯಕತ್ವದ ತಟ್ಟೆ, ಮಾಲಿಕೆಯ 54ನೆಯ ಸಂಪುಟ. ಅವರು ಫ್ಯೂಷನ್ನಿನ ಅಂಚಿನಲ್ಲಿ ನಿಂತವರೇ ಹೊರತು ಒಳಗಿಳಿದವರಲ್ಲ. ಕೊನೆಯ ವರ್ಷಗಳಲ್ಲಿ ಕ್ರಾಕುಫ್‌ನ ಫ್ಲೊರಿಯಾನ್‌ಸ್ಕಾ ಬೀದಿಯ ನೆಲಮಾಳಿಗೆಯಲ್ಲಿ ತಮ್ಮದೇ ಕ್ಲಬ್ ನಡೆಸಿದರು.

ಎರಡನೆಯ ಮೂಲ ನೇರ ಧ್ವನಿಮುದ್ರಣಗಳು. 1977ರಲ್ಲಿ ವಾರ್ಸಾದಲ್ಲಿ ಅಕ್ವೇರಿಯಂ ಎಂಬ ಜಾಝ್ ಕ್ಲಬ್ ತೆರೆಯಿತು. ಅಲ್ಲಿನ ಕಛೇರಿಗಳಿಂದ ಜಾಝ್ ಸಂಘ ‘ಅಕ್ವೇರಿಯಂ ಲೈವ್’ ಎಂಬ ಕಿರುಮಾಲಿಕೆಯನ್ನು ಹೊರತಂದಿತು; ಅದರ ಮೊದಲನೆಯದು ಲ್ಯಾಬೊರೇಟೋರಿಯಂ ತಂಡದ್ದು. ಸ್ಟುಡಿಯೊದ ‘ಮಾಡರ್ನ್ ಪೆಂಟಾಥ್ಲಾನ್’ ಕೇಳಿ ತಂಡ ಸ್ವಲ್ಪ ಲೆಕ್ಕಾಚಾರದ್ದು ಎನಿಸಿದವರು ಇದನ್ನು ತಪ್ಪದೆ ಕೇಳಬೇಕು.

ಮೂರನೆಯದು ರೇಡಿಯೊ. ಪೋಲಿಷ್ ರೇಡಿಯೊ ತನ್ನದೇ ಜಾಝ್ ಸ್ಟುಡಿಯೊ ವಾದ್ಯವೃಂದವನ್ನು ನಡೆಸುತ್ತಿತ್ತು, ಅದರ ನಾಯಕರು ಸ್ಯಾಕ್ಸೋಫೋನ್ ವಾದಕ ಯಾನ್ ಪ್ತಾಶಿನ್ ವ್ರುಬ್ಲೆಫ್‌ಸ್ಕಿ (1936–2024). 1958ರಲ್ಲಿಯೇ ಅಂತರರಾಷ್ಟ್ರೀಯ ಯುವ ವೃಂದದ ಸದಸ್ಯರಾಗಿ ಅಮೆರಿಕದ ನ್ಯೂಪೋರ್ಟ್ ಉತ್ಸವದಲ್ಲಿ ನುಡಿಸಿ ಬಂದವರು ಅವರು. 1970ರಿಂದ ದಶಕಗಟ್ಟಲೆ ರೇಡಿಯೊದಲ್ಲಿ ‘ಮುಕ್ಕಾಲು ಗಂಟೆ ಜಾಝ್’ ಎಂಬರ್ಥದ ಕಾರ್ಯಕ್ರಮ ನಡೆಸಿಕೊಟ್ಟು ಒಂದೆರಡು ಪೀಳಿಗೆಯ ಕಿವಿಗಳನ್ನು ತಿದ್ದಿದರು. ರೇಡಿಯೊ ಸ್ಟುಡಿಯೊದಲ್ಲಿ ಮುದ್ರಿತವಾಗಿ ಆಗ ತಟ್ಟೆಯಾಗಿ ಬಾರದ ಸಂಗೀತವನ್ನು ಈಚಿನ ವರ್ಷಗಳಲ್ಲಿ ಗ್ಯಾಡ್ ರೆಕಾರ್ಡ್ಸ್ ಎಂಬ ಪೋಲಿಷ್ ಸಂಸ್ಥೆ ಒಂದೊಂದಾಗಿ ಹೊರತರುತ್ತಿದೆ. ಲ್ಯಾಬೊರೇಟೋರಿಯಂ ತಂಡದ ಕೃತಿಗಳನ್ನೆಲ್ಲ ಒಂದೆಡೆ ಬಯಸುವವರಿಗೆ ಮೆಟಲ್ ಮೈಂಡ್ ಸಂಸ್ಥೆ ತಂದ ಹತ್ತು ಸಿಡಿಗಳ ಪೆಟ್ಟಿಗೆಯೂ ಇದೆ.

ಐದನೆಯ ಹೆಜ್ಜೆ: ಹುಡುಕುವ ಪೆಟ್ಟಿಗೆಯಲ್ಲಿ ಏನು ಬರೆಯಬೇಕು

ಪೋಲಿಷ್ ಲಿಪಿ ಇಂಗ್ಲಿಷ್ ಕೀಲಿಮಣೆಗೆ ಪೂರ್ತಿ ಒಗ್ಗುವುದಿಲ್ಲ, ಬಹಳಷ್ಟು ತಟ್ಟೆಗಳು ಕಣ್ತಪ್ಪುವುದು ಇಲ್ಲಿಯೇ. ನಮಿಸ್ವೊಫ್‌ಸ್ಕಿ ಎಂಬ ಹೆಸರಿನ ನಡುವೆ ನಾವು ‘ವ’ ಎಂದು ಉಚ್ಚರಿಸುವುದು ಪೋಲಿಷ್ ಬರವಣಿಗೆಯಲ್ಲಿ ಅಡ್ಡಗೆರೆ ಎಳೆದ ‘ಎಲ್’ ಅಕ್ಷರ. ಕೆಲವು ಮಾರಾಟಗಾರರು ಅದನ್ನು ಸಾದಾ ‘ಎಲ್’ ಆಗಿ ಬರೆಯುತ್ತಾರೆ, ಕೆಲವು ಭಂಡಾರಗಳು ಎರಡನ್ನೂ ಒಂದೇ ಎಂದು ಗುರುತಿಸುತ್ತವೆ, ಕೆಲವು ಗುರುತಿಸುವುದಿಲ್ಲ. ಆದುದರಿಂದ ಪ್ರತಿ ಹೆಸರನ್ನೂ ಎರಡು ಬಾರಿ ಹುಡುಕಬೇಕು: ಒಮ್ಮೆ ಪೋಲಿಷ್ ಚಿಹ್ನೆಗಳೊಂದಿಗೆ, ಒಮ್ಮೆ ಚಿಹ್ನೆಗಳನ್ನೆಲ್ಲ ಕಿತ್ತುಹಾಕಿ. ‘ಕುಯಾವ್ಯಾಕ್’ ಎಂಬ ಶೀರ್ಷಿಕೆಗೆ ಇನ್ನೊಂದು ತೊಡಕು. ಅದು ಒಂದು ಪೋಲಿಷ್ ನೃತ್ಯದ ಹೆಸರು. ಅದನ್ನು ಪೋಲಿಷ್‌ನಲ್ಲಿ ‘ಜೆ’ ಮತ್ತು ‘ಡಬ್ಲ್ಯೂ’ ಬಳಸಿ ಬರೆಯುತ್ತಾರೆ, ತಟ್ಟೆಯ ಶೀರ್ಷಿಕೆಯಲ್ಲಿ ‘ಡಬ್ಲ್ಯೂ’ ಬದಲು ‘ವಿ’ ಇದೆ, ಇಂಗ್ಲಿಷ್ ಪಟ್ಟಿಗಳಲ್ಲಿ ‘ಜೆ’ ಬದಲು ‘ವೈ’ ಕೂಡ ಕಾಣಿಸುತ್ತದೆ.

ಇದಕ್ಕಿಂತ ನಂಬಿಗಸ್ತ ದಾರಿ ಎಂದರೆ ತಟ್ಟೆಯ ಕ್ರಮಸಂಖ್ಯೆ. ಮೂಜಾ ತಟ್ಟೆಗಳಲ್ಲಿ ಹಳೆಯ ಮಾನೋ ಪ್ರತಿಗಳಿಗೆ ‘ಎಕ್ಸ್‌ಎಲ್’, ಸ್ಟೀರಿಯೊ ಪ್ರತಿಗಳಿಗೆ ‘ಎಸ್‌ಎಕ್ಸ್‌ಎಲ್’, ಆಮೇಲೆ ಬರೀ ‘ಎಸ್‌ಎಕ್ಸ್’ ಎಂಬ ಪೂರ್ವಾಕ್ಷರಗಳಿರುತ್ತವೆ. ‘ವಿನೊಬ್ರಾನ್ಯೆ’ಯ ಮೂಲ ಸಂಖ್ಯೆ ಎಸ್‌ಎಕ್ಸ್‌ಎಲ್ 0952. ಹೆಸರನ್ನು ಯಾರು ಹೇಗೆ ಕೆಡಿಸಿ ಬರೆದಿದ್ದರೂ ಸಂಖ್ಯೆ ಕೊಟ್ಟರೆ ತಟ್ಟೆ ಸಿಗುತ್ತದೆ. ಮಾಲಿಕೆಯ ಸಂಪುಟ ಸಂಖ್ಯೆ ಬೇರೆ, ಈ ಕ್ರಮಸಂಖ್ಯೆ ಬೇರೆ ಎಂಬುದನ್ನು ಮರೆಯಬಾರದು.

ಹೊದಿಕೆಯ ಹಿಂಬದಿಯ ವಾದಕರ ಪಟ್ಟಿ ಓದಲು ಪೋಲಿಷ್ ಕಲಿಯಬೇಕಾಗಿಲ್ಲ, ಐದಾರು ಪದ ಸಾಕು. ‘ಸಾಕ್ಸೊಫೋನ್ ಆಲ್ಟೊವಿ’, ‘ಸಾಕ್ಸೊಫೋನ್ ಟೆನೊರೊವಿ’ ಎಂಬುವು ನೋಡಿದರೇ ತಿಳಿಯುತ್ತವೆ. ‘ಕ್ಲಾರ್ನೆಟ್ ಬಾಸೊವಿ’ ಎಂದರೆ ಬಾಸ್ ಕ್ಲಾರಿನೆಟ್, ‘ಪೆರ್ಕುಸ್ಯಾ’ ಎಂದರೆ ಡ್ರಮ್, ‘ಫೋರ್ಟೆಪ್ಯಾನ್’ ಎಂದರೆ ಪಿಯಾನೊ. ಪಿಯಾನೊದ ಮುಂದೆ ‘ಎಲೆಕ್ಟ್ರಿಚ್ನಿ’ ಎಂಬ ವಿಶೇಷಣ ಕಂಡರೆ ನೀವು ಹುಡುಕುತ್ತಿರುವ ಫ್ಯೂಷನ್ ಹತ್ತಿರದಲ್ಲಿದೆ ಎಂದು ತಿಳಿಯಿರಿ. ಆಲ್ಬಮ್ ಕೇಳದೆಯೇ ಅದರ ಸ್ವಭಾವ ಊಹಿಸಲು ಇದಕ್ಕಿಂತ ಒಳ್ಳೆಯ ಸೂಚನೆ ನನಗೆ ಸಿಕ್ಕಿಲ್ಲ.

ಆರನೆಯ ಹೆಜ್ಜೆ: ಮೂಲ ಪ್ರತಿಯೋ, ಮರುಮುದ್ರಣವೋ

ಮಾಲಿಕೆಯ ಪ್ರಮುಖ ಸಂಪುಟಗಳನ್ನು ವಾರ್ನರ್ ಸಂಸ್ಥೆ 2016ರಿಂದ ತಟ್ಟೆ ಮತ್ತು ಸಿಡಿ ರೂಪದಲ್ಲಿ ಮತ್ತೆ ತರುತ್ತಿದೆ. ಸಂಗೀತ ಕೇಳುವುದೇ ಉದ್ದೇಶವಾದರೆ ಅವು ಸಾಕು, ಬಹುಪಾಲು ಮೂಲಕ್ಕಿಂತ ನಿಶ್ಶಬ್ದವಾಗಿಯೂ ಇವೆ. ಸರ್ಕಾರಿ ಕಾಲದ ಮುದ್ರಣದ ಗುಣಮಟ್ಟ ಏರುಪೇರಾಗಿತ್ತು. ಕಣ್ಣಿಗೆ ಗೀರೇ ಇಲ್ಲದ ಮೂಲ ಪ್ರತಿಯೂ ಸೂಜಿ ಇಟ್ಟೊಡನೆ ಚಟಪಟ ಎನ್ನಬಹುದು. ಮೂಲ ಪ್ರತಿಗೆ ಬೇರೆ ಆಕರ್ಷಣೆಯಿದೆ: ಪೋಲೆಂಡಿನ ಭಿತ್ತಿಚಿತ್ರ ಕಲೆಯ ಉಚ್ಛ್ರಾಯ ಕಾಲದ ಕಲಾವಿದರು ಈ ಹೊದಿಕೆಗಳನ್ನು ಮಾಡಿದರು. ‘ಆಸ್ಟಿಗ್ಮ್ಯಾಟಿಕ್’ನ ಹೊದಿಕೆ ಮಾಡಿದ ರೊಸ್ವಾವ್ ಶಯ್ಬೊ ಮುಂದೆ ಲಂಡನ್ನಿಗೆ ಹೋಗಿ ಜೂಡಸ್ ಪ್ರೀಸ್ಟ್ ತಂಡದ ‘ಬ್ರಿಟಿಷ್ ಸ್ಟೀಲ್’ನ ಪ್ರಸಿದ್ಧ ಬ್ಲೇಡಿನ ಚಿತ್ರವನ್ನೂ ಮಾಡಿದರು.

ಮೂಲ ಪ್ರತಿಯೇ ಬೇಕೆಂದರೆ ಡಿಸ್ಕಾಗ್ಸ್ ಜೊತೆಗೆ ಪೋಲೆಂಡಿನ ಅಲ್ಲೆಗ್ರೊ ಎಂಬ ಅಂತರಜಾಲ ಮಾರುಕಟ್ಟೆಯನ್ನೂ ನೋಡಬೇಕು. ಮನೆಯ ಅಟ್ಟದಿಂದ ಇಳಿದು ಬರುವ ಪ್ರತಿಗಳು ಅಲ್ಲಿಯೇ ಹೆಚ್ಚು. ಪ್ರತಿಯ ಸ್ಥಿತಿಯ ಬಗ್ಗೆ ಮಾರಾಟಗಾರರು ‘ವಿಜಿ’ (ವೆರಿ ಗುಡ್) ಎಂದು ಬರೆದದ್ದನ್ನು ಹೆಸರಿಗೆ ತಕ್ಕಂತೆ ‘ತುಂಬ ಚೆನ್ನಾಗಿದೆ’ ಎಂದು ಅರ್ಥ ಮಾಡಿಕೊಳ್ಳಬೇಡಿ. ಅದು ಕೇಳುವಾಗ ಗೀರುಗಳ ಸದ್ದು ಸ್ಪಷ್ಟವಾಗಿ ಬರುವ ಪ್ರತಿ. ಕನಿಷ್ಠ ‘ವಿಜಿ ಪ್ಲಸ್’ ಇರಲಿ. ತಟ್ಟೆಯ ಮಧ್ಯದ ಚೀಟಿಯ ಸುತ್ತ ಖಾಲಿ ವರ್ತುಲದಲ್ಲಿ ಕೆತ್ತಿರುವ ಸಂಖ್ಯೆಯ ಛಾಯಾಚಿತ್ರ ಕೇಳಿ ಪಡೆದು, ಭಂಡಾರದಲ್ಲಿ ದಾಖಲಾಗಿರುವ ಬೇರೆ ಬೇರೆ ಮುದ್ರಣಗಳ ಸಂಖ್ಯೆಗಳೊಂದಿಗೆ ಹೋಲಿಸಿದರೆ ಮೊದಲ ಮುದ್ರಣವೋ ನಂತರದ್ದೋ ತಿಳಿಯುತ್ತದೆ. ಹಲವು ಹಳೆಯ ಮೂಜಾ ಪ್ರತಿಗಳ ಮೇಲೆ ವರ್ಷವನ್ನೇ ಅಚ್ಚು ಮಾಡಿರುವುದಿಲ್ಲ. ಹಾಗಾಗಿ ಮಾರಾಟಗಾರರು ಧ್ವನಿಮುದ್ರಣದ ವರ್ಷ, ಬಿಡುಗಡೆಯ ವರ್ಷ ಮತ್ತು ತಮ್ಮ ಪ್ರತಿ ಅಚ್ಚಾದ ವರ್ಷಗಳನ್ನು ಒಂದಕ್ಕೊಂದು ಬೆರೆಸಿಬಿಡುತ್ತಾರೆ.

ಭಾರತಕ್ಕೆ ತರಿಸುವವರು ಎರಡು ಸಂಗತಿ ನೆನಪಿಡಬೇಕು. ವಿದೇಶದಿಂದ ಬರುವ ಪೊಟ್ಟಣಕ್ಕೆ ಸೀಮಾ ಸುಂಕ ಬೀಳಬಹುದು, ತಟ್ಟೆಯ ಬೆಲೆಗಿಂತ ಸಾಗಣೆಯ ವೆಚ್ಚವೇ ಹೆಚ್ಚಾಗುವುದೂ ಉಂಟು. ಆದ್ದರಿಂದ ಒಬ್ಬನೇ ಮಾರಾಟಗಾರನಿಂದ ಮೂರು ನಾಲ್ಕು ತಟ್ಟೆ ಒಟ್ಟಿಗೆ ತರಿಸುವುದು ಲಾಭ. ಎರಡನೆಯದಾಗಿ, ವಿನೈಲ್ ಬಿಸಿಗೆ ಬಾಗುತ್ತದೆ. ಕಲಬುರಗಿ, ರಾಯಚೂರಿನ ಕಡೆಯವರು ಏಪ್ರಿಲ್, ಮೇ ತಿಂಗಳಲ್ಲಿ ತರಿಸದೆ ಮಳೆ ಬೀಳುವವರೆಗೆ ಕಾಯುವುದು ಒಳ್ಳೆಯದು.

ಏಳನೆಯ ಹೆಜ್ಜೆ: ಕೇಳುವ ಕ್ರಮ

ಕನ್ನಡಿಗರಿಗೆ ಆಲ್ಟೊ ಸ್ಯಾಕ್ಸೋಫೋನಿನ ನಾದ ಹೊಸದೇನಲ್ಲ, ಕದ್ರಿ ಗೋಪಾಲನಾಥರ ಕಛೇರಿಗಳು ಅದನ್ನು ಮನೆಮನೆಗೆ ತಲುಪಿಸಿವೆ. ಆದರೆ ಅಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಗಮಕವನ್ನು ಹುಡುಕುವ ಕಿವಿ ಇಲ್ಲಿ ಬೇರೆಯದನ್ನು ಹುಡುಕಬೇಕು. ನಮಿಸ್ವೊಫ್‌ಸ್ಕಿ ಅವರ ಆಲ್ಟೊ ಚೂಪಾದದ್ದು, ಸ್ವರದ ಮೊದಲ ತುದಿಯಲ್ಲಿಯೇ ಒತ್ತು ಕೊಟ್ಟು ಕಡಿದು ಬಿಡುವಂಥದ್ದು. ಶುಕಾಲ್‌ಸ್ಕಿ ಅವರ ಟೆನರ್ ಅದಕ್ಕಿಂತ ಒರಟು ಮತ್ತು ಅಗಲ. ‘ಕುಯಾವ್ಯಾಕ್ ಗೋಸ್ ಫಂಕಿ’ಯಲ್ಲಿ ಇಬ್ಬರೂ ಒಟ್ಟಿಗೆ ರಾಗದ ಎತ್ತುಗಡೆ ನುಡಿಸುವಾಗ ಎರಡನ್ನೂ ಬಿಡಿಸಿಕೊಳ್ಳಲು ಯತ್ನಿಸಿ. ಇದು ಬರದಿದ್ದರೆ ಮುಂದಿನ ತಟ್ಟೆಗಳಲ್ಲಿ ವಾದಕರನ್ನು ಗುರುತಿಸುವುದು ಕಷ್ಟ.

ತಾಳದ ವಿಷಯದಲ್ಲಿ ನಮ್ಮ ಕೇಳುಗರಿಗೆ ನಿಜಕ್ಕೂ ಒಂದು ಅನುಕೂಲವಿದೆ. ಕುಯಾವ್ಯಾಕ್ ಎಂಬುದು ಮಧ್ಯ ಪೋಲೆಂಡಿನ ಕುಯಾವಿ ಪ್ರದೇಶದ ನಿಧಾನಗತಿಯ ನೃತ್ಯ. ಅದು ಮೂರು ಎಣಿಕೆಯದು. ಮಜುರ್ಕಾ ಎಂಬ ಪೋಲಿಷ್ ನೃತ್ಯಗಳ ಕುಟುಂಬಕ್ಕೆ ಸೇರಿದ್ದರಿಂದ ಒತ್ತು ಮೊದಲ ಎಣಿಕೆಯಲ್ಲೇ ನಿಲ್ಲದೆ ಎರಡಕ್ಕೋ ಮೂರಕ್ಕೋ ಸರಿಯುತ್ತದೆ. ಫಂಕ್ ನಾಲ್ಕು ಎಣಿಕೆಯದು, ಅದರ ಭಾರವೆಲ್ಲ ಒಂದರ ಮೇಲೆ. ಇವೆರಡರ ಹೊಂದಾಣಿಕೆಯೇ ಆ ತಟ್ಟೆಯ ಕುತೂಹಲ. ಮೊದಲ ಬಾರಿ ಕೇಳುವಾಗ ಕೈಯಲ್ಲಿ ತಾಳ ಹಾಕುತ್ತ, ಮೂರರ ಎಣಿಕೆ ಎಲ್ಲಿ ಕೈಕೊಟ್ಟಿತು ಎಂಬುದನ್ನು ಗುರುತಿಸಿಕೊಳ್ಳಿ. ನಮಿಸ್ವೊಫ್‌ಸ್ಕಿ ಐದು, ಏಳರ ಬೆಸ ಎಣಿಕೆಗಳನ್ನು ಜೀವನವಿಡೀ ಪ್ರೀತಿಸಿದವರು. ಪಾಶ್ಚಾತ್ಯ ಕೇಳುಗ ಬೆರಳು ಮಡಿಚುತ್ತ ಕೂರುವಲ್ಲಿ ಖಂಡಛಾಪು, ಮಿಶ್ರಛಾಪುಗಳ ಪರಿಚಯವಿರುವವನು ಎಣಿಕೆಯ ಚಿಂತೆ ಬಿಟ್ಟು ಸೀದಾ ಸಂಗೀತಕ್ಕೆ ಹೋಗಬಹುದು.

ಎಕ್ಸ್‌ಟ್ರಾ ಬಾಲ್ ಮತ್ತು ಲ್ಯಾಬೊರೇಟೋರಿಯಂಗಳನ್ನು ಕೇಳುವಾಗ ಗಮನ ಬೇರೆ ಕಡೆ ಇರಲಿ: ಸ್ಯಾಕ್ಸೋಫೋನ್ ಯಾವ ವಾದ್ಯದ ಜೊತೆ ಜೋಡಿಯಾಗುತ್ತಿದೆ ಎಂಬುದರ ಕಡೆ. ಮೊದಲನೆಯದರಲ್ಲಿ ಅದು ಗಿಟಾರಿನ ಪಕ್ಕ ನಿಲ್ಲುತ್ತದೆ, ಎರಡನೆಯದರಲ್ಲಿ ಕೀಬೋರ್ಡ್ ಹರಡಿದ ಮಂಜಿನೊಳಗೆ ಕರಗಿ ಮತ್ತೆ ಮೇಲೇಳುತ್ತದೆ.

ಕೊನೆಯದಾಗಿ, ಕೇಳಿದ್ದನ್ನು ಬರೆದಿಡಿ. ಪ್ರತಿ ತಟ್ಟೆಗೆ ಕ್ರಮಸಂಖ್ಯೆ, ಧ್ವನಿಮುದ್ರಣದ ವರ್ಷ, ಎಲ್ಲ ವಾದಕರ ಹೆಸರು ಮತ್ತು ಸ್ಯಾಕ್ಸೋಫೋನ್ ಏಕವಾದನ ಯಾವ ರಚನೆಯ ಎಷ್ಟನೆಯ ನಿಮಿಷದಲ್ಲಿ ಬರುತ್ತದೆ ಎಂಬಷ್ಟು ಸಾಕು. ಸ್ಟ್ರೀಮಿಂಗ್ ಸೇವೆಗಳು ವಾದಕರ ಪಟ್ಟಿಯನ್ನು ಕೊಡುವುದು ಅಪರೂಪ, ಅದೂ ಅನೇಕ ಸಲ ತಪ್ಪಾಗಿರುತ್ತದೆ. ಹೊದಿಕೆಯ ಹಿಂಬದಿಯ ಛಾಯಾಚಿತ್ರ ನೋಡಿಯೇ ತುಂಬಿಸಿ. ಹತ್ತು ಹದಿನೈದು ತಟ್ಟೆ ಆಗುವಷ್ಟರಲ್ಲಿ ಅದೇ ಹೆಸರುಗಳು ಮತ್ತೆ ಮತ್ತೆ ಬರತೊಡಗುತ್ತವೆ. ಆಗ ನಿಮ್ಮ ಪಟ್ಟಿಯಲ್ಲಿ ಎರಡು ಸಲ ಬಂದು, ಮುಖಪುಟದಲ್ಲಿ ಒಮ್ಮೆಯೂ ಬಾರದ ಸ್ಯಾಕ್ಸೋಫೋನ್ ವಾದಕನ ಹೆಸರನ್ನು ಆರಿಸಿಕೊಂಡು ಮೂರನೆಯ ಹೆಜ್ಜೆಯಿಂದ ಮತ್ತೆ ಶುರು ಮಾಡಿ.